ಮಣಿಕೊಂಡದ ಶಾಪ

ನಮ್ಮ ಅತ್ತೆ ಶರಣಬಸಮ್ಮನ ದನಿ ಎಂಥದಿತ್ತೆಂದರೆ, ಮಧ್ಯಾಹ್ನ ಮಾಳಿಗೆಯ ಮೇಲೆ ನಿಂತು ಮಗನನ್ನು ಊಟಕ್ಕೆ ಕೂಗಿದರೆ ಸುಲ್ತಾನ್ ಬಜಾರಿನ ಅರ್ಧ ಅಂಗಡಿಗಳವರು ತಮ್ಮ ತಮ್ಮ ಬುತ್ತಿ ಬಿಚ್ಚುತ್ತಿದ್ದರು. ಕೆಳಗೆ ನಮ್ಮ ಬಟ್ಟೆ ಅಂಗಡಿ, ಮೇಲೆ ಮನೆ. ಅಂಗಡಿಯ ಬೋರ್ಡಿನ ಮೇಲೆ ನನ್ನ ಗಂಡನ ಹೆಸರು ಶಾಂತಪ್ಪ ಎಂದು ತೆಲುಗು, ಉರ್ದು, ಇಂಗ್ಲಿಷು ಮೂರರಲ್ಲೂ ಇತ್ತು. ಅತ್ತೆ ಮಾತ್ರ "ಏ ತಿಪ್ಪ್ಯಾ" ಎಂದೇ ಕೂಗುತ್ತಿದ್ದರು.

ಗಿರಾಕಿಗಳ ಮುಂದೆ ಸಂಸಾರಸ್ಥ ಗಂಡಸನ್ನು ತಿಪ್ಪೆಯ ಹೆಸರಿನಿಂದ ಕರೆಯುವುದು ನನಗೆ ಸೇರುತ್ತಿರಲಿಲ್ಲ. ನನ್ನ ಗಂಡನಿಗೆ ಅದರಿಂದ ಏನೂ ಬೇಸರವಿರಲಿಲ್ಲ. ಅವರಿಗಿಂತ ಮುಂಚೆ ಹುಟ್ಟಿದ ಎರಡು ಕೂಸು ಉಳಿದಿರಲಿಲ್ಲವಂತೆ. ಅದಕ್ಕೆ ಇವರು ಹುಟ್ಟಿದ ಕೂಡಲೇ ಲಿಂಗಸೂಗೂರಿನ ಮನೆಯ ಹಿತ್ತಲ ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ, ಮೊರದಲ್ಲಿ ಹಾಕಿಕೊಂಡು ಒಳಗೆ ತಂದು, ಇದು ನಮ್ಮ ಕೂಸಲ್ಲ, ತಿಪ್ಪೆಯಲ್ಲಿ ಸಿಕ್ಕದ್ದು ಎಂದು ಓಣಿಗೆಲ್ಲ ಹೇಳಿದರಂತೆ. ಯಾರಿಗೂ ಬೇಡಾದ ಕೂಸಿನ ಮೇಲೆ ಯಾರ ಕಣ್ಣೂ ನೆದರೂ ಬೀಳುವುದಿಲ್ಲ, ಯಮ ಕೂಡ ಅದನ್ನು ಮುಟ್ಟುವುದಿಲ್ಲ ಎಂಬುದು ಹಳೆಯವರ ಲೆಕ್ಕ. ಯಮ ಮೋಸಹೋದ, ಮಗ ಉಳಿದ, ತಿಪ್ಪ್ಯಾ ಎಂಬ ಹೆಸರೂ ಉಳಿಯಿತು.

ನಾನು ಕಾಚಿಗೂಡದ ಕನ್ನಡ ಶಾಲೆಯಲ್ಲಿ ಕನ್ನಡ ಕಲಿಸುವವಳು. ಇಂಥ ಮಾತು ಕೇಳಿದರೆ ನನಗೆ ನಗು ಬರುತ್ತಿತ್ತು, ಇಲ್ಲದಿದ್ದರೆ ಸಿಟ್ಟು ಬರುತ್ತಿತ್ತು. ನಡುವಿನದೊಂದು ಭಾವ ನನಗೆ ದೇವರು ಕೊಟ್ಟಿಲ್ಲ.

ಎಂಬತ್ತಾರನೆಯ ಇಸವಿಯ ಚಳಿಗಾಲದಲ್ಲಿ ನಾನು ಏಳು ತಿಂಗಳ ಬಸುರಿ. ಅದಕ್ಕೆ ಮೊದಲು ಎರಡು ಬಸಿರು ಕೈಗೆ ಬಾರದೆ ಹೋಗಿದ್ದವು. ಮೊದಲ ಸಲ ಅತ್ತೆ ಲಾಡ್ ಬಜಾರಿಗೆ ಹೋಗಿ ಹಸಿರು ಬಳೆ ತಂದು, ಬಜಾರಿಗೆಲ್ಲ ಪೇಡೆ ಹಂಚಿದ್ದರು. ಎರಡನೆಯ ಸಲ ಬಳೆ ತಂದರು, ಪೇಡೆ ಹಂಚಲಿಲ್ಲ. ಈ ಸಲ ಏನೂ ಇಲ್ಲ. ಹೊಟ್ಟೆ ನನಗಿಂತ ಮುಂದೆ ನಡೆಯುತ್ತಿದ್ದರೂ ಅದು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಏನು ತಿನ್ನಬೇಕೆನ್ನಿಸುತ್ತದೆ ಎಂದು ಕೇಳಲಿಲ್ಲ, ಕೂಸು ಹೊರಳಾಡುತ್ತದೆಯೇ ಎಂದೂ ಕೇಳಲಿಲ್ಲ. ಏಳನೆಯ ತಿಂಗಳಲ್ಲಿ ನಮ್ಮ ಕಡೆ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಕುಪ್ಪಸ ತೊಡಿಸಿ, ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ ತುಂಬಿ ಕುಬಸ ಮಾಡುತ್ತಾರೆ. ಆ ಸುದ್ದಿಯನ್ನೂ ಅವರು ಎತ್ತಲಿಲ್ಲ. ನನ್ನ ತಾಯಿ ರಾಯಚೂರಿನಿಂದ ಬಂದು ಎರಡು ದಿನ ಇದ್ದು ಸೂಚನೆ ಕೊಟ್ಟು ನೋಡಿದರು. ಅತ್ತೆ ಜೋಳದ ರೇಟಿನ ಮಾತು ತೆಗೆದರು.

ಎದುರು ಮನೆಯ ಪಾರ್ವತಿಬಾಯಿ ಒಂದು ದಿನ ಮೆಟ್ಟಿಲಲ್ಲಿ ಅತ್ತೆಗೆ ಸಿಕ್ಕು, ಸೊಸೆಗೆ ಎಷ್ಟನೆಯ ತಿಂಗಳು ನಡೆದಿದೆ ಎಂದು ಕೇಳಿದರು. ನಾನು ಬಾಗಿಲ ಹಿಂದೇ ಇದ್ದೆ.

"ಎಲ್ಲಿದು ಬಿಡ್ರಿ," ಎಂದರು ಅತ್ತೆ. "ಆಕಿಗೆ ವಾಯು ಆಗೇತಿ."

ಪಾರ್ವತಿಬಾಯಿ ಪಾಪ ಏನೆನ್ನಬೇಕು, ಓಮಿನ ಕಾಳು ಕೊಡಿರಿ ಎಂದು ಹೇಳಿ ತಮ್ಮ ಮನೆಗೆ ಹೋದರು. ನಾನು ಒಳಗೆ ಬಂದು ಮಂಚದ ಮೇಲೆ ಕೂತು ಕಣ್ಣೀರು ಹಾಕಿದೆ. ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು. ಈ ಕೂಸೂ ಉಳಿಯುವುದಿಲ್ಲ ಎಂದು ಅತ್ತೆಗೆ ಖಾತ್ರಿಯಾಗಿದೆ, ಅದಕ್ಕೇ ಅದನ್ನು ಲೆಕ್ಕಕ್ಕೆ ಹಿಡಿಯುತ್ತಿಲ್ಲ ಎಂದು ನನಗೆ ಅನ್ನಿಸಿಬಿಟ್ಟಿತ್ತು. ಡಾಕ್ಟರರು ಎಲ್ಲ ಸರಿಯಾಗಿದೆ ಎನ್ನುತ್ತಿದ್ದರು. ನನಗೆ ಬೇಕಾಗಿದ್ದುದು ಡಾಕ್ಟರರ ಮಾತಲ್ಲ. ಮನೆಯಲ್ಲಿ ದೊಡ್ಡವರೊಬ್ಬರು ಬಾಯಿ ತುಂಬ, ಬರುತ್ತದೆ, ನಿನ್ನ ಕೂಸು ಬರುತ್ತದೆ ಎಂದು ಅನ್ನಬೇಕಿತ್ತು. ಬಜಾರಿಗೆಲ್ಲ ಕೇಳುವಂಥ ದನಿಯಿದ್ದ ಬಾಯಿ ಅದೊಂದನ್ನು ಅನ್ನಲಿಲ್ಲ.

ಸಿನಿಮಾದವರು ಬಂದದ್ದು ಆ ದಿನಗಳಲ್ಲೇ.

ಭುಜಂಗರಾವು ಎಂಬ ತೆಲುಗು ಡೈರೆಕ್ಟರು ಒಂದು ಸಾಹಸದ ಸಿನಿಮಾ ತೆಗೆಯುತ್ತಿದ್ದರು. ಕಾಡು, ಗುಹೆ, ನಿಧಿ, ನಿಧಿಯನ್ನು ಕಾಯುವ ದೇವಿ, ದೇವಿಯನ್ನು ಕಾಯುವ ಕಾಡುಜನ. ಇದರ ಮೂಲ ಯಾವುದೆಂದು ಯಾರೂ ಬಚ್ಚಿಡಲಿಲ್ಲ. ಅಬಿಡ್ಸಿನ ಟಾಕೀಸಿನಲ್ಲಿ ಹಿಂದಿನ ವರ್ಷ ಬಿಳಿಯರ ಸಿನಿಮಾ ಒಂದು ಬಂದಿತ್ತು. ನಾವೂ ನೋಡಿದ್ದೆವು. ಅದರಲ್ಲಿನ ದೇವಿಗೆ ನಮ್ಮ ಕಾಳಿಯ ನಾಲಗೆ, ಈಜಿಪ್ಟಿನ ರಾಜರ ಕಿರೀಟ, ಚೀನಾದವರ ಹುಲಿಯುಗುರು. ಬಿಳಿಯರು ನಮ್ಮ ದೇವಿಯನ್ನು ನಮ್ಮನ್ನು ಕೇಳದೆ ಒಯ್ದು ಹಾಗೆ ಮಾಡಿದ್ದರು. ಭುಜಂಗರಾವು ಆ ಬಿಳಿಯರನ್ನು ಕೇಳದೆ ಅದನ್ನು ವಾಪಸ್ಸು ತಂದರು. ನಮ್ಮ ಸೀರೆಯೇ ಮಡಿವಾಳರ ಮನೆಯಿಂದ ಇನ್ನೊಬ್ಬರ ಬಣ್ಣ ಹತ್ತಿಸಿಕೊಂಡು ಬಂದಹಾಗಿತ್ತು.

ಕಾಡುಜನಕ್ಕೆ ಉಡಿಸಲು ಕಪ್ಪು ಬಟ್ಟೆಯ ಥಾನುಗಳು ಬೇಕೆಂದು ಅವರ ಡ್ರೆಸ್ ಮಾಸ್ತರ ನಮ್ಮ ಅಂಗಡಿಗೆ ಬಂದಿದ್ದ. ಅವನ ಜೊತೆ ಡೈರೆಕ್ಟರೂ ಇದ್ದರು. ಸರಿಯಾಗಿ ಅದೇ ಹೊತ್ತಿಗೆ ಮೇಲಿನಿಂದ ಅತ್ತೆಯ ಕೂಗು ಬಿತ್ತು: "ಏ ತಿಪ್ಪ್ಯಾ, ರೊಟ್ಟಿ ಆರಾಕತ್ತಾವು." ಭುಜಂಗರಾವು ಬೆಚ್ಚಿ ಬಿದ್ದು, ಆಮೇಲೆ ತಲೆಯೆತ್ತಿ ಮಾಳಿಗೆಯ ಕಡೆ ನೋಡುತ್ತ ನಿಂತುಬಿಟ್ಟರಂತೆ. ಅವರ ಕಾಡುಜನಕ್ಕೆ ಒಬ್ಬ ಮುದಿ ಪೂಜಾರಿಣಿ ಬೇಕಾಗಿದ್ದಳು, ಒಂದೇ ದೃಶ್ಯದ ಪಾತ್ರ. ಮದ್ರಾಸಿನಿಂದ ಬಂದ ಇಬ್ಬರು ನಟಿಯರ ದನಿ ಇಲ್ಲಿಯ ಬಂಡೆಗಳಿಗೆ ಸಾಲಲಿಲ್ಲವಂತೆ.

ಅತ್ತೆ ಒಲ್ಲೆ ಎನ್ನುತ್ತಾರೆಂದು ನಾವು ತಿಳಿದಿದ್ದೆವು. ಅವರು ಕನ್ನಡಿಯ ಮುಂದೆ ಹೋಗಿ ನಿಂತು ಬಂದರು. ಮಾಂತ್ರಿಕರು, ಹಾರುವ ಚಾಪೆ, ಪಾತಾಳದ ರಾಕ್ಷಸರು ಇರುವ ಸಿನಿಮಾ ಎಂದರೆ ಆಕೆಗೆ ಎಲ್ಲಿಲ್ಲದ ಮೋಹ. ಕೋಠಿಯ ಟಾಕೀಸಿನ ಮ್ಯಾಟಿನಿಗೆ ಒಬ್ಬರೇ ಹೋಗಿ ಕೂತು, ಕೆಟ್ಟವನು ಸಾಯುವವರೆಗೂ ಎಲೆಯಡಿಕೆ ಬಾಯಿಗೆ ಹಾಕದೆ ನೋಡಿ ಬರುತ್ತಿದ್ದರು.

ಮರುದಿನ ನಮ್ಮ ಮನೆಯ ಪಡಸಾಲೆಯಲ್ಲೇ ತಾಲೀಮು ನಡೆಯಿತು. ಕಾಡುಜನದ ಭಾಷೆ ಎಂದು ಅವರ ಬರಹಗಾರ ಹೊಸೆದು ತಂದದ್ದು ಹೀಗಿತ್ತು: "ಝುಂಬರೇ ಝಾಂಬರೇ ಹೊಯ್ ಹೊಯ್." ಅತ್ತೆ ಎರಡು ಸಲ ಪ್ರಯತ್ನಪಟ್ಟರು, ಮೂರನೆಯ ಸಲಕ್ಕೆ ಅವರ ಸಿಟ್ಟು ನೆತ್ತಿಗೇರಿತು.

"ಇದೇನು ಮನಷ್ಯಾರು ಆಡೂ ಮಾತೇನು? ಅಡವ್ಯಾಗ ಇದ್ರ ಏನಾತು, ಅವರಿಗೂ ಅವ್ವ ಅಪ್ಪ ಇರತಾರ, ಮಾತು ಕಲಿಸಿರತಾರ. ಝುಂಬರೇ ಅಂದ್ರ ಯಾರು ರೊಟ್ಟಿ ಕೊಡತಾರ ಅವರಿಗೆ?"

ಭುಜಂಗರಾವು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅರ್ಥ ಅವರಿಗೆ ತಿಳಿದಿರಲಿಲ್ಲ. ಅವರು ಹೇಳಿದ್ದಿಷ್ಟು: ಇದೇ, ಇದೇ ಆ ಭಾಷೆ, ಇಷ್ಟು ದಿನ ಹುಡುಕುತ್ತಿದ್ದ ಕಾಡುಭಾಷೆ ಇದೇ. ನಮ್ಮ ಪ್ರೇಕ್ಷಕರಿಗೆ ಒಂದು ಅಕ್ಷರವೂ ತಿಳಿಯುವುದಿಲ್ಲ, ಎದೆ ಮಾತ್ರ ನಡುಗುತ್ತದೆ.

ನನಗೆ ಮೈಯೆಲ್ಲ ಉರಿಯಿತು. ನಾನು ಮಕ್ಕಳಿಗೆ ವ್ಯಾಕರಣ ಹೇಳಿಕೊಡುವ ಭಾಷೆ, ಶರಣರು ದೇವರ ಜೊತೆ ಜಗಳ ಕಾದ ಭಾಷೆ, ಈ ಮನುಷ್ಯನ ಕಿವಿಗೆ ಎಲುಬಿನ ಸರ ಹಾಕಿಕೊಂಡವರ ಮಾತಾಗಿ ಕೇಳಿಸಿತೇ? ಅದೂ ನಾಲ್ಕು ತಾಸಿನ ಬಸ್ಸಿನ ದಾರಿಯ ಆಚೆ ಊರೂರೇ ಆಡುವ ಮಾತು. ಡೈರೆಕ್ಟರು ಹೋದ ಮೇಲೆ ಇದನ್ನೆಲ್ಲ ಗಂಡನ ಮೇಲೆ ಸುರಿದೆ. ಅವರು ರೊಟ್ಟಿ ಮುರಿಯುತ್ತ, ಕಾಡಿನವರಾದರೂ ಕನ್ನಡ ಕಲಿತರೆ ನಿನ್ನ ಶಾಲೆಗೆ ಮಕ್ಕಳು ಸಿಗುತ್ತಾರೆ ಎಂದರು.

ಆಮೇಲೆ ಮಾತಿನ ಅರ್ಥ ಬಂತು. ಪೂಜಾರಿಣಿ ಏನೆನ್ನಬೇಕು ಎಂಬುದನ್ನು ಡೈರೆಕ್ಟರು ತೆಲುಗಿನಲ್ಲಿ ಹೇಳಿ ಕಳಿಸಿದ್ದರು, ಅದನ್ನು ಕನ್ನಡದಲ್ಲಿ ಮಾಡಿಕೊಡುವುದು ನನ್ನ ಪಾಲಿಗೆ ಬಿತ್ತು. ಕತೆಯಲ್ಲಿ ನಾಯಕ ದೇವಿಯ ಹಣೆಯ ಮಣಿ ಕದಿಯುತ್ತಾನೆ. ಅವನ ಹೆಂಡತಿ ಬಸುರಿ. ಪೂಜಾರಿಣಿ ಬಂಡೆಯ ಮೇಲೆ ನಿಂತು ಅವಳಿಗೆ ಶಾಪ ಹಾಕುತ್ತಾಳೆ: ನಿನ್ನ ಬಳ್ಳಿ ಒಣಗಲಿ, ನಿನ್ನ ಉಡಿ ಬರಿದಾಗಲಿ, ನಿನ್ನ ಹೊಟ್ಟೆಯಲ್ಲಿರುವುದು ಕಲ್ಲಾಗಲಿ.

ನಾನು ಅದನ್ನು ಅತ್ತೆಗೆ ಓದಿ ಹೇಳಿದೆ. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದರು. ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಯಾರೂ ಕೆಟ್ಟ ಮಾತು ಆಡಬಾರದು. ಮೇಲೆ ಅಸ್ತು ಅನ್ನುವ ದೇವತೆಗಳು ಓಡಾಡುತ್ತಿರುತ್ತಾರೆ, ಯಾರು ಏನು ಅಂದರೂ ಅಸ್ತು ಎಂದುಬಿಡುತ್ತಾರೆ ಎಂದು ಅತ್ತೆ ನಂಬಿದವರು. ಅಕ್ಕಿ ತೀರಿತು ಎನ್ನಲೂ ಬಿಡುತ್ತಿರಲಿಲ್ಲ, ಅಕ್ಕಿ ಹೆಚ್ಚಿತು ಎನ್ನಬೇಕು. ಅಂಥವರಿಗೆ ಈ ಮಾತು.

ಅತ್ತೆ, ನಾನು ಹೋಗುವುದಿಲ್ಲ ಎಂದು ಹೇಳಿ ಎದ್ದುಹೋದರು. ನನ್ನ ಗಂಡ ಡೈರೆಕ್ಟರಿಗೆ ಮಾತು ಕೊಟ್ಟಿದ್ದರು, ಬಂಡೆಗಳ ಹತ್ತಿರ ಸೆಟ್ಟು ಹಾಕಿಯಾಗಿತ್ತು. ಅವರು ತಾಯಿಯ ಹಿಂದೆ ಹಿಂದೆ ತಿರುಗಿ, ಅದು ಬರೀ ಆಟ, ಎದುರಿಗೆ ನಿಲ್ಲುವ ನಾಯಕಿಗೆ ನಿಜವಾಗಿ ಹೊಟ್ಟೆಯೂ ಇಲ್ಲ, ದಿಂಬು ಕಟ್ಟಿರುತ್ತಾರೆ ಎಂದು ಹೇಳಿ ನೋಡಿದರು. ಅತ್ತೆ ಕೇಳಲಿಲ್ಲ. ಸಂಜೆ ದೀಪ ಹಚ್ಚಿ ಬಂದವರು ತಾವಾಗಿಯೇ ಒಂದು ಪ್ರಶ್ನೆ ಕೇಳಿದರು.

"ಅಲ್ಲೆ ಕನ್ನಡ ತಿಳಿಯೋರು ಯಾರರ ಅದಾರೇನು?"

ಯಾರೂ ಇಲ್ಲ, ಮಾತು ತಪ್ಪಿದರೆ ಹೇಳಿಕೊಡಲು ಶಾಮಲಾಳನ್ನು ಮಾತ್ರ ಬಾ ಎಂದಿದ್ದಾರೆ ಎಂದು ನನ್ನ ಗಂಡ ನನ್ನ ಕಡೆ ಕೈ ತೋರಿದರು.

"ಹಂಗಾದ್ರ ಬರತೀನಿ. ಆಕಿನ್ನ ನನ್ನ ಎದುರಿಗೇ ಕುಂಡರಸಬೇಕು ಅಂತ ಹೇಳು."

ಅದೇಕೆ ಎಂದು ನಾವು ಕೇಳಲಿಲ್ಲ. ಎದುರಿಗೆ ಗುರುತಿನ ಮುಖ ಒಂದಿದ್ದರೆ ಧೈರ್ಯ ಎಂದುಕೊಂಡೆವು. ನನಗೆ ಮಾತ್ರ, ಆ ಶಾಪ ನನ್ನ ಎದುರಿಗೇ ಬೀಳುತ್ತದಲ್ಲ ಎಂದು ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಆ ಮಾತುಗಳನ್ನು ಬಾಯಿಪಾಠ ಮಾಡಿಸಲು ಹೋದರೆ, ಬೇಡ, ನನಗೆ ಬರುತ್ತವೆ ಎಂದುಬಿಟ್ಟಿದ್ದರು.

ಮಣಿಕೊಂಡದಲ್ಲಿ ಈಗ ಕಣ್ಣು ಹಾಯಿಸಿದಲ್ಲೆಲ್ಲ ಅಪಾರ್ಟ್‌ಮೆಂಟುಗಳು. ಆಗ ಅಲ್ಲಿ ಬಂಡೆ, ಸೀತಾಫಲದ ಗಿಡ, ಆಡು ಬಿಟ್ಟರೆ ಏನೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ಕಂಪನಿಯ ಮೆಟಡಾರ್ ನಮ್ಮನ್ನು ಅಲ್ಲಿಗೆ ಒಯ್ದಿತು. ಗಾಡಿ ಹತ್ತುವಾಗ ಅತ್ತೆ ಏನೂ ಹೇಳದೆ ಒಂದು ದಿಂಬನ್ನು ನನ್ನ ಸೀಟಿನ ಮೇಲೆ ಎಸೆದಿದ್ದರು.

ಬಂಡೆಗಳ ನಡುವೆ ಸುಣ್ಣದ ಗುಡಿ ಎದ್ದಿತ್ತು. ಬಾಗಿಲಲ್ಲಿ ಎರಡು ಈಜಿಪ್ಟಿನ ನಾಯಿಗಳು, ಮೇಲೆ ಪಗೋಡದ ಮಾಡು. ದೇವಿಯ ಕಣ್ಣಿನಲ್ಲಿ ಕೆಂಪು ಬಲ್ಬು ಉರಿದು ಆರುತ್ತಿತ್ತು. ಕಾಡುಜನ ಒಂದು ಕಡೆ ಸಾಲಾಗಿ ಕೂತು ಇಡ್ಲಿ ತಿನ್ನುತ್ತಿದ್ದರು. ಅವರಲ್ಲಿ ಅರ್ಧ ಊರಿನ ಜೂನಿಯರ್ ಆರ್ಟಿಸ್ಟುಗಳು, ಅರ್ಧ ಆದಿಲಾಬಾದಿನ ಕಡೆಯಿಂದ ಲಾರಿಯಲ್ಲಿ ಕರೆತಂದ ನಿಜವಾದ ಗುಡ್ಡದ ಜನ. ಟೆರಿಲಿನ್ ಅಂಗಿ ತೊಟ್ಟು ಬಂದಿದ್ದ ಅವರಿಗೆ ಅಂಗಿ ಬಿಚ್ಚಿಸಿ, ಮೈಗೆ ಮಸಿ ಬಳಿದು, ಸೊಂಟಕ್ಕೆ ಮದುವೆ ಚಪ್ಪರಕ್ಕೆ ಕಟ್ಟುವ ಅಶೋಕದ ಎಲೆ ಕಟ್ಟಿದ್ದರು. ಅವರಲ್ಲೊಬ್ಬ ನನ್ನ ಕುರ್ಚಿಯ ಹತ್ತಿರ ಬಂದು, ತನ್ನ ಕೈಗಡಿಯಾರ ಬಿಚ್ಚಿ, ಅಮ್ಮಾ ಇದನ್ನು ಇಟ್ಟುಕೊಂಡಿರಿ ಎಂದು ತೆಲುಗಿನಲ್ಲಿ ಹೇಳಿದ. ಇದು ಯಾವ ದೇಶದವರ ವೇಷ ಎಂದೂ ಕೇಳಿದ. ನನಗೆ ಗೊತ್ತಿಲ್ಲ ಎಂದೆ. ನನ್ನ ಭಾಷೆಯನ್ನಷ್ಟೇ ತೆಗೆದುಕೊಂಡಿದ್ದರು, ಅವನ ಅಂಗಿಯನ್ನೂ ಬಿಟ್ಟಿರಲಿಲ್ಲ. ಆದರೂ ಅವನು ನನಗಿಂತ ಆರಾಮಾಗಿದ್ದ.

ಅತ್ತೆ ವೇಷ ಹಾಕಿಕೊಂಡು ಹೊರಗೆ ಬಂದಾಗ ನನಗೆ ಗುರುತೇ ಸಿಗಲಿಲ್ಲ. ನಮ್ಮ ಅಂಗಡಿಯ ಕಪ್ಪು ಬಟ್ಟೆ, ತಲೆಯ ಮೇಲೆ ನವಿಲು ಗರಿ, ಕೊರಳಲ್ಲಿ ಪ್ಲಾಸ್ಟರಿನ ಎಲುಬು. ತುಟಿಗೆ ಕಪ್ಪು. ಎಲುಬಿನ ಸರದ ಅಡಿಯಲ್ಲಿ ಕೊರಳ ಲಿಂಗದ ಕರಡಿಗೆಯನ್ನು ಮಾತ್ರ ಬಿಚ್ಚಲು ಬಿಡದೆ ಸೆರಗಿನೊಳಗೆ ಮುಚ್ಚಿಕೊಂಡಿದ್ದರು. ಕೈಯಲ್ಲಿ ತಲೆಬುರುಡೆಯ ಕೋಲು ಹಿಡಿದು ಬಂಡೆ ಹತ್ತಿ ನಿಂತರು. ಕೆಳಗೆ ದಿಂಬು ಕಟ್ಟಿಕೊಂಡ ನಾಯಕಿ, ಪಕ್ಕದಲ್ಲಿ ಕ್ಯಾಮೆರಾ, ಕ್ಯಾಮೆರಾದ ಬಗಲಿಗೆ ನನ್ನ ಕುರ್ಚಿ.

ಡೈರೆಕ್ಟರು ಕೂಗು ಕೊಟ್ಟರು. ಅತ್ತೆಯ ಕಣ್ಣು ನಾಯಕಿಯ ಮೇಲಿರಲಿಲ್ಲ. ಕೋಲನ್ನು ನನ್ನ ಕಡೆ ಚಾಚಿ, ಹಲ್ಲು ಕಡಿದು, ಹುಬ್ಬು ಗಂಟು ಹಾಕಿ, ಆ ದನಿಯನ್ನು ಪೂರ್ತಿ ಬಿಟ್ಟರು.

"ನಿನ್ನ ಬಳ್ಳಿ ಹಬ್ಬಲಿ! ನಿನ್ನ ಉಡಿ ತುಂಬಲಿ! ಗಂಡರ ಆಗಲಿ, ಹೆಣ್ಣರ ಆಗಲಿ, ಕೈಕಾಲು ನೆಟ್ಟಗ ಇದ್ದು ಭೂಮಿಗೆ ಬರಲಿ! ಬ್ಯಾನಿ ಹಗರಾಗಲಿ! ಗುರುಗುಂಟಿ ಅಮರಪ್ಪ ನಿನ್ನ ಹೊಟ್ಟಿ ತಣ್ಣಗ ಇಡಲಿ! ಬಾಣಂತನ ನಾನ ಮಾಡತೀನಿ, ಕೇಳಿದೇನು, ನಾನ ಮಾಡತೀನಿ!"

ಬಂಡೆಗಳು ಅದನ್ನು ಎತ್ತಿಕೊಂಡು ಮೂರು ಕಡೆಯಿಂದ ತಿರುಗಿ ಹೇಳಿದವು. ದಿಂಬು ಕಟ್ಟಿಕೊಂಡ ನಾಯಕಿ ಹೆದರಿ ನಿಜವಾಗಿಯೇ ಹಿಂದಕ್ಕೆ ಬಿದ್ದಳು. ಮೇಯುತ್ತಿದ್ದ ಆಡುಗಳು ಓಡಿದವು.

ನಾನು ಕುರ್ಚಿಯ ಕೈ ಹಿಡಿದು ಕೂತಿದ್ದೆ. ಮೊದಲು ನನಗೆ ಕಿವಿ ಕೆಟ್ಟಿತೇ ಎನ್ನಿಸಿತು. ಆಮೇಲೆ ಎಲ್ಲ ಒಟ್ಟಿಗೇ ತಿಳಿಯಿತು, ತಿಪ್ಪೆಯ ಮೇಲಿನ ಕೂಸು, ಓಣಿಗೆಲ್ಲ ಹೇಳಿದ ಸುಳ್ಳು, ವಾಯು. ಏಳು ತಿಂಗಳಿಂದ ಈ ಮಾತುಗಳನ್ನು ಎದೆಯಲ್ಲಿಟ್ಟುಕೊಂಡು, ಅನ್ನಲು ಅಂಜಿ, ಆಕೆ ತಿರುಗಾಡಿದ್ದರು. ಎಲುಬಿನ ಸರ ಹಾಕಿ, ಬೈಯುವ ದನಿಯಲ್ಲಿ ಹರಸಿದರೆ ಯಮನಂಥ ಕೇಳಬಾರದವರು ಕೇಳಿದರೂ ಶಾಪವೆಂದೇ ತಿಳಿದು ಸುಮ್ಮನೆ ಹೋಗುತ್ತಾರೆ. ಕಣ್ಣೀರು ನನ್ನ ಕೈಮೀರಿ ಇಳಿಯುತ್ತಿತ್ತು. ಇಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಭುಜಂಗರಾವು ನನ್ನ ಕಡೆ ಓಡಿ ಬಂದರು. ನಾನು ಅತ್ತದ್ದು ನೋಡಿ ಅವರಿಗೆ ಇನ್ನಷ್ಟು ಖುಷಿ, ಅರ್ಥ ಗೊತ್ತಿರುವವರಿಗೇ ಹೀಗಾದರೆ ಉಳಿದವರ ಪಾಡೇನು ಎಂದರು. ಮಾತೆಲ್ಲ ಸರಿಯಾಗಿ ಬಂತೇ, ಏನಾದರೂ ತಪ್ಪಿತೇ ಎಂದು ಕೇಳಿದರು. ನಾನು ಬಂಡೆಯ ಮೇಲೆ ನೋಡಿದೆ. ಅತ್ತೆ ಕೋಲು ಹಿಡಿದು ಹಾಗೇ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಒಂದು ಅಕ್ಷರವೂ ತಪ್ಪಿಲ್ಲ ಎಂದು ತೆಲುಗಿನಲ್ಲಿ ಹೇಳಿದೆ. ತೆಲುಗಿನಲ್ಲೂ ಒಡಿ ಎಂಬ ಮಾತಿದೆ, ಒಡಿ ತುಂಬುವುದೂ ಇದೆ. ಅವರು ಸ್ವಲ್ಪ ಕಿವಿಗೊಟ್ಟಿದ್ದರೆ ಉಡಿ ಎಂದರೇನೆಂದು ಹೊಳೆಯುತ್ತಿತ್ತು. ಆದರೆ ಅವರು ಕಾಡುಭಾಷೆ ಕೇಳುತ್ತಿದ್ದರು, ಅದರಲ್ಲಿ ಅರ್ಥ ಹುಡುಕುವ ಗೋಜಿಗೆ ಯಾರು ಹೋಗುತ್ತಾರೆ.

ಅಷ್ಟಕ್ಕೇ ಮುಗಿಯಲಿಲ್ಲ. ಆ ಮಾತುಗಳಲ್ಲಿ "ಉಡಿ ತುಂಬಲಿ" ಎಂಬುದು ಡೈರೆಕ್ಟರ ಕಿವಿಗೆ ಯುದ್ಧದ ಕೂಗಿನ ಹಾಗೆ ಬಿದ್ದಿತ್ತು. ಕಾಡುಜನ ಎಲ್ಲರೂ ಈಟಿ ಎತ್ತಿ ಅದನ್ನೇ ಕೂಗಬೇಕು ಎಂದರು. ಗಡಿಯಾರ ಕೊಟ್ಟವನು ಮೆಲ್ಲಗೆ ನನ್ನ ಹತ್ತಿರ ಬಂದು, ಅದರ ಅರ್ಥವೇನು, ತಿಳಿಯದ ಮಾತನ್ನು ಹೆಣ್ಣುಮಗಳ ಮೇಲೆ ಕೂಗುವುದು ಹೇಗೆ ಎಂದು ಕೇಳಿದ. ಒಳ್ಳೆಯ ಮಾತೇ, ಗಟ್ಟಿಯಾಗಿ ಕೂಗಿರಿ ಎಂದೆ. ಅವನು ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿ, ಮಸಿ ಬಳಿದ ಮುಖದಲ್ಲಿ ಹಲ್ಲು ಕಾಣುವಂತೆ ನಕ್ಕು ಹೋದ. ಅವನ ಸಾಲಿನವರಿಗೆ ಏನು ಹೇಳಿದನೋ, ಮುಂದಿನ ಸಲ ಅವರು ಕೂಗಿದ ಕೂಗಿಗೆ ಸುಣ್ಣದ ಗುಡಿಯ ಒಂದು ನಾಯಿಯ ಕಿವಿ ಉದುರಿತು.

ನನ್ನ ಕುಬಸ ಆದದ್ದು ಹೀಗೆ. ಹಸಿರು ಸೀರೆ ಇಲ್ಲ, ಆರತಿ ಇಲ್ಲ. ಈಟಿ ಹಿಡಿದ ಗಂಡಸರು, ಕೆಂಪು ಕಣ್ಣಿನ ದೇವಿ, ನವಿಲು ಗರಿಯ ಅತ್ತೆ.

ಮೆಟಡಾರಿನಲ್ಲಿ ವಾಪಸ್ಸು ಬರುವಾಗ ಅತ್ತೆ ತುಟಿಯ ಕಪ್ಪನ್ನು ಸೆರಗಿನಿಂದ ಒರೆಸಿಕೊಳ್ಳುತ್ತ ಕಿಟಕಿಯ ಹೊರಗೆ ನೋಡುತ್ತಿದ್ದರು. ನಾನು ಅವರ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ. ಮೆಟ್ಟಿಲಲ್ಲಿ ಪಾರ್ವತಿಬಾಯಿ ಸಿಕ್ಕು ಸೊಸೆಯ ಹೊಟ್ಟೆ ಹೇಗಿದೆ ಎಂದರೆ, ಅತ್ತೆ ಇನ್ನೂ ವಾಯು ಇಳಿದಿಲ್ಲ ಎಂದರು. ನಾನೂ ಹೌದೆಂದು ತಲೆಯಾಡಿಸಿದೆ.

ಮಗಳು ಹುಟ್ಟಿದಳು. ಕೈಕಾಲು ನೆಟ್ಟಗಿದ್ದವು, ದನಿ ಅಜ್ಜಿಯದು. ಬಾಣಂತನಕ್ಕೆ ಒಯ್ಯಲು ನನ್ನ ತಾಯಿ ಬಂದರೆ ಅತ್ತೆ ಕಳಿಸಲಿಲ್ಲ, ಅಂದಂತೆ ತಾವೇ ಮಾಡಿದರು. ಶಾಲೆಯಲ್ಲಿ ಹೇಳಲು ನಲಿನಿ ಎಂದು ಹೆಸರಿಟ್ಟೆವು. ಅತ್ತೆ ಕರೆಯುವುದು ತಿಪ್ಪವ್ವ ಎಂದು. ಈ ಸಲ ನನಗೆ ಆ ಹೆಸರು ಕೇಳಿ ಸಿಟ್ಟು ಬರಲಿಲ್ಲ.

ತಿಪ್ಪವ್ವ ಗೋಡೆ ಹಿಡಿದು ನಿಲ್ಲುವ ಹೊತ್ತಿಗೆ ಸಿನಿಮಾ ಬಂತು. ಬಜಾರಿನಲ್ಲಿ ಪೋಸ್ಟರುಗಳು, ಒಂದರ ಮೂಲೆಯಲ್ಲಿ ನವಿಲು ಗರಿಯ ಅತ್ತೆ. ಅಂಗಡಿಯವರೆಲ್ಲ ಬಂದು ಮಾತಾಡಿಸಿ ಹೋದರು. ಅತ್ತೆಯೂ ಉಬ್ಬಿದ್ದರು. ಹೊರಡುವ ದಿನ ನನ್ನ ಗಂಡ ಬಾಯಿ ತಪ್ಪಿ ಒಂದು ಮಾತು ಹೇಳಿಬಿಟ್ಟರು. ಶೂಟಿಂಗಿನಲ್ಲಿ ಹಿಡಿದ ದನಿ ಬರೀ ಗುರುತಿಗೆ, ಆಮೇಲೆ ಸ್ಟುಡಿಯೋದಲ್ಲಿ ಎಲ್ಲರ ಮಾತನ್ನೂ ಹೊಸದಾಗಿ ತುಂಬುತ್ತಾರೆ, ಹೆಂಗಸರ ದನಿಯನ್ನೆಲ್ಲ ಮದ್ರಾಸಿನ ಒಬ್ಬಾಕೆಯೇ ಹಾಕುತ್ತಾಳಂತೆ ಎಂದರು.

ಅತ್ತೆಯ ಮುಖದ ಬಣ್ಣ ಇಳಿಯಿತು.

"ನನ್ನ ಬಾಯಾಗ ಯಾರರ ಆ ಕೆಟ್ಟ ಮಾತು ಇಟ್ಟಿದ್ರ ಏನು ಮಾಡೂದು?" ಎಂದರು. "ತಿಪ್ಪವ್ವನ್ನ ಕರಕೊಂಡ ಬರಬ್ಯಾಡ. ಆಕಿ ಮುಂದ ನನ್ನ ಬಾಯಿ ಹಂಗ ಅನಬಾರದು."

ಕೂಸನ್ನು ಬಿಟ್ಟು ಹೋಗಲು ಮನೆಯಲ್ಲಿ ಯಾರೂ ಇರಲಿಲ್ಲ. ಒಬ್ಬಳೇ ಉಳಿಯಲು ನಾನು ಸಿದ್ಧಳಿರಲಿಲ್ಲ. ಕಡೆಗೆ ಎಲ್ಲರೂ ಹೋದೆವು. ಕೋಠಿಯ ಟಾಕೀಸಿನಲ್ಲಿ ಮ್ಯಾಟಿನಿ, ಹೌಸ್‌ಫುಲ್. ನನ್ನ ಎಡಕ್ಕೆ ಅತ್ತೆ, ಅವರಾಚೆ ನನ್ನ ಗಂಡ. ಬಲಕ್ಕೆ ಮಲ್ಲಿಗೆ ಮುಡಿದ ತೆಲುಗಿನ ಹೆಣ್ಣುಮಗಳೊಬ್ಬಳು, ಆಗಲೇ ತಿಪ್ಪವ್ವನ ಕೈಗೆ ಬಿಸ್ಕಿಟು ಕೊಟ್ಟಿದ್ದಳು. ಸಿನಿಮಾ ಹೇಗಿತ್ತೆಂದು ನನ್ನನ್ನು ಕೇಳಬೇಡಿ. ನಾಯಕ ಬಳ್ಳಿ ಹಿಡಿದು ಹಳ್ಳ ದಾಟುತ್ತಿದ್ದ, ಮೊಸಳೆಗಳು ಬಾಯಿ ತೆರೆಯುತ್ತಿದ್ದವು. ನಾನು ಮೊಸಳೆ ನೋಡಲಿಲ್ಲ, ಅತ್ತೆಯ ಕೈ ನೋಡುತ್ತಿದ್ದೆ. ಎಲೆಯಡಿಕೆಯ ಚೀಲದ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು.

ಬಂಡೆಯ ಮೇಲೆ ಅತ್ತೆ ಬಂದರು. ಟಾಕೀಸಿನ ಪರದೆಯ ತುಂಬ ಅವರ ಮುಖ. ಬಾಯಿ ತೆರೆಯಿತು.

"ನಿನ್ನ ಬಳ್ಳಿ ಹಬ್ಬಲಿ!"

ಅದೇ ದನಿ. ಮಣಿಕೊಂಡದ ಬಂಡೆಗಳು ಕೂಡ ಹಿಂದೆ ಹಾಗೇ ಇದ್ದವು. ಯಾರ ದನಿಯೂ ಅದಕ್ಕೆ ಸರಿಗಟ್ಟದೆ ಭುಜಂಗರಾವು ಅದನ್ನೇ ಇಟ್ಟುಕೊಂಡಿದ್ದರು. ಅತ್ತೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಟಾಕೀಸು ಗಪ್ಪಾಗಿತ್ತು. ಮುಂದಿನ ಸಾಲಿನಲ್ಲಿ ಎಲ್ಲೋ ನಮ್ಮ ಕಡೆಯವರು ಒಬ್ಬಿಬ್ಬರು ಇದ್ದರೆಂದು ತೋರುತ್ತದೆ, ನಗು ತಡೆಯಲಾರದ ಸದ್ದು ಬಂತು. ಸುತ್ತಲಿನವರು ಅವರನ್ನು ಗದರಿಸಿ ಸುಮ್ಮನಾಗಿಸಿದರು.

ಪರದೆಯ ಮೇಲೆ ನಾಯಕ ಹ್ಯಾಟಿನ ಗೈಡನ್ನು ಕೇಳಿದ, ಏನನ್ನುತ್ತಿದ್ದಾಳೆ ಈ ಮುದುಕಿ? ಕಾಡುಭಾಷೆ ಬಲ್ಲ ಆ ಗೈಡು ಹಣೆಯ ಬೆವರು ಒರೆಸಿಕೊಂಡು ತೆಲುಗಿನಲ್ಲಿ ಹೇಳಿದ, ನಿಮ್ಮ ವಂಶ ನಿರ್ವಂಶವಾಗಲಿ ಎನ್ನುತ್ತಿದ್ದಾಳೆ, ಹೊಟ್ಟೆಯ ಕೂಸು ಕಲ್ಲಾಗಲಿ ಎನ್ನುತ್ತಿದ್ದಾಳೆ. ಟಾಕೀಸಿನಲ್ಲಿ ಹೆಂಗಸರು ಲೊಚಗುಟ್ಟಿದರು. ಇಂಥ ಸಿನಿಮಾ ನಾನು ಎಷ್ಟು ನೋಡಿದ್ದೆ. ಎಲ್ಲದರಲ್ಲೂ ಕಾಡಿನವರು ಕೂಗುತ್ತಿದ್ದರು, ಹ್ಯಾಟಿನವನೊಬ್ಬ ಅರ್ಥ ಹೇಳುತ್ತಿದ್ದ, ನಾವು ನಂಬುತ್ತಿದ್ದೆವು. ಆ ಮುದುಕಿಯರೆಲ್ಲ ನಿಜವಾಗಿ ಏನು ಅಂದಿದ್ದರೋ ಎಂದು ಮೊದಲ ಸಲ ಅನ್ನಿಸಿತು.

ಅಷ್ಟರಲ್ಲಿ ಈಟಿಯವರು ಬಂದರು. ಉಡಿ ತುಂಬಲಿ, ಉಡಿ ತುಂಬಲಿ ಎಂದು ಟಾಕೀಸು ನಡುಗುವಂತೆ ಕೂಗತೊಡಗಿದರು. ಪಕ್ಕದ ಹೆಣ್ಣುಮಗಳಿಗೆ ತಡೆಯಲಾಗಲಿಲ್ಲ. ಅಯ್ಯೋ, ಹಸುಗೂಸು, ಇಂಥ ಶಾಪ ಅದರ ಕಿವಿಗೆ ಬೀಳಬಾರದಮ್ಮಾ ಎಂದು ತನ್ನ ಎರಡೂ ಅಂಗೈಯಿಂದ ತಿಪ್ಪವ್ವನ ಕಿವಿಗಳನ್ನು ಮುಚ್ಚಿದಳು. ಒಳ್ಳೆಯ ಮನಸ್ಸಿನವಳು, ಕೈ ಬೆಚ್ಚಗಿದ್ದವು.

ನಾನು ಆ ಕೈಗಳನ್ನು ಒಂದೊಂದಾಗಿ ಮೆಲ್ಲಗೆ ತೆಗೆದೆ. ತೆಲುಗು ನೆನಪಿಗೆ ಬರಲಿಲ್ಲ, ಕನ್ನಡದಲ್ಲೇ ಹೇಳಿದೆ.

"ಕೇಳಲಿ ಬಿಡ್ರಿ. ಅದು ಆಕಿಗೇ ಅಂದದ್ದು."